ಮೂಲೆಯಲ್ಲಿ ನಿಂತವನು

ಅಮೆರಿಕದ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಬಲು ಕಡಿಮೆ. ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. ಎಸೆಯುತ್ತಾರೆ, ಹಿಡಿಯುತ್ತಾರೆ, ಎದೆಗವುಚಿಕೊಂಡು ಓಡುತ್ತಾರೆ, ಓಡುವವನನ್ನು ಕೆಡವುತ್ತಾರೆ. ಇಷ್ಟೆಲ್ಲ ಮಲ್ಲಯುದ್ಧದ ನಡುವೆ ಪಂದ್ಯಕ್ಕೆ ನಾಲ್ಕಾರು ಸಲ ಒಬ್ಬನನ್ನು ಒಳಗೆ ಕಳಿಸುತ್ತಾರೆ. ಅವನ ಅಂಗಿಯ ಮೇಲೆ ಮಣ್ಣಿರುವುದಿಲ್ಲ. ನೆಲಕ್ಕೆ ಊರಿ ಹಿಡಿದ ಚೆಂಡನ್ನು ಎರಡು ಕಂಬಗಳ ನಡುವೆ ಹಾರುವಂತೆ ಒದ್ದು ಮೂರು ಅಂಕ ತರುವುದು ಅವನ ಕೆಲಸ. ಒದ್ದಾದ ಮೇಲೆ ಮತ್ತೆ ಹೊರಗೆ ಬಂದು ಕುಳಿತುಕೊಳ್ಳಬೇಕು. ಇವನನ್ನು ಕಿಕ್ಕರ್ ಎನ್ನುತ್ತಾರೆ. ಗೆದ್ದ ದಿನ ಅವನನ್ನು ಯಾರೂ ಹೊತ್ತು ಮೆರೆಸುವುದಿಲ್ಲ, ಸೋತ ದಿನ ಮಾತ್ರ ಎಲ್ಲರ ಬೆರಳೂ ಅವನತ್ತಲೇ ತಿರುಗುತ್ತದೆ.

ಈ ಕೆಲಸವನ್ನು ಹತ್ತೊಂಬತ್ತು ಋತು ಮಾಡಿದವನು ಯಾನ್ ಸ್ಟೆನೆರುಡ್. 1942ರಲ್ಲಿ ನಾರ್ವೆಯ ಫೆಟ್ಸುಂಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈತ ಅಮೆರಿಕಕ್ಕೆ ಹೋದದ್ದು ಫುಟ್‌ಬಾಲ್ ಆಡಲಿಕ್ಕಲ್ಲ. ಹಿಮದ ಇಳಿಜಾರಿನಲ್ಲಿ ಜಾರಿ ಗಾಳಿಗೆ ಚಿಮ್ಮುವ ಸ್ಕೀ ಜಿಗಿತದಲ್ಲಿ ಆತ ಗಟ್ಟಿಗ, ಅದಕ್ಕಾಗಿ ಮೊಂಟಾನಾ ರಾಜ್ಯ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟು ಕರೆಸಿಕೊಂಡಿತ್ತು. ಕಾಲಿನ ಬಲಕ್ಕಾಗಿ ಕ್ರೀಡಾಂಗಣದ ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದ ದಿನಗಳಲ್ಲಿ ಆಟಕ್ಕೆಂದು ಚೆಂಡನ್ನು ಒದೆಯುತ್ತಿದ್ದುದು ಅಲ್ಲಿನ ಬ್ಯಾಸ್ಕೆಟ್‌ಬಾಲ್ ತರಬೇತುದಾರನ ಕಣ್ಣಿಗೆ ಬಿತ್ತು. ಆತ ಫುಟ್‌ಬಾಲಿನವರಿಗೆ ಸುದ್ದಿ ಮುಟ್ಟಿಸಿದ. 1965ರಲ್ಲಿ ಸ್ಟೆನೆರುಡ್ 59 ಗಜ ದೂರದಿಂದ ಚೆಂಡನ್ನು ಕಂಬ ದಾಟಿಸಿದಾಗ ಅದು ಆ ಕಾಲದ ದಾಖಲೆ. 1967ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡ ಸೇರಿದ. 1970ರ ಜನವರಿಯ ಸೂಪರ್ ಬೌಲಿನಲ್ಲಿ ಅವನ ತಂಡ 23–7ರಿಂದ ಗೆದ್ದಾಗ ಮೊದಲ ಒಂಬತ್ತು ಅಂಕಗಳು ಅವನ ಕಾಲಿನಿಂದಲೇ ಬಂದವು. ಮರುವರ್ಷದ ಕ್ರಿಸ್‌ಮಸ್ ದಿನದ ಪಂದ್ಯವೂ ಅವನ ಹೆಸರಿಗೇ ಅಂಟಿಕೊಂಡಿದೆ. ಕೊನೆಯ ನಿಮಿಷದಲ್ಲಿ 31 ಗಜದ, ಅವನ ಮಟ್ಟಿಗೆ ಸಲೀಸಾದ ಒದೆತವೊಂದು ಬಲಕ್ಕೆ ವಾಲಿತು. ಹೆಚ್ಚುವರಿ ಸಮಯಕ್ಕೆ ಎಳೆದ ಆ ಪಂದ್ಯವನ್ನು ಮಯಾಮಿ ತಂಡ ಗೆದ್ದುಕೊಂಡಿತು. ಗೆಲ್ಲಿಸಿದ ಒದೆತವೂ ಒಬ್ಬ ಪರದೇಶಿಯದೇ, ಸೈಪ್ರಸ್‌ನಲ್ಲಿ ಹುಟ್ಟಿದ ಗಾರೊ ಯೆಪ್ರೆಮಿಯನ್‌ನದು.

ಈ ಪರದೇಶಿಗಳು ತಂದದ್ದು ಒಂದು ಹೊಸ ವರಸೆ. ಅಮೆರಿಕನ್ನರು ಚೆಂಡಿನ ನೇರಕ್ಕೆ ಓಡಿಬಂದು ಕಾಲ್ಬೆರಳ ತುದಿಯಿಂದ ಒದೆಯುತ್ತಿದ್ದರು. 1964ರಲ್ಲಿ ಹಂಗೆರಿಯಿಂದ ಬಂದಿದ್ದ ಪೀಟ್ ಗೊಗೊಲಾಕ್ ಓರೆಯಾಗಿ ಓಡಿಬಂದು ಪಾದದ ಮೇಲ್ಭಾಗದಿಂದ, ನಮ್ಮ ಹುಡುಗರು ಕಾಲ್ಚೆಂಡು ಒದೆಯುವ ಹಾಗೆ, ಒದ್ದು ತೋರಿಸಿದ. ಸ್ಟೆನೆರುಡ್, ಯೆಪ್ರೆಮಿಯನ್ ಮೊದಲಾದವರು ಅದನ್ನೇ ಪಳಗಿಸಿದರು. ಮನೆಯವರ ಪ್ರತಿಕ್ರಿಯೆ ಹೇಗಿತ್ತು? ಯೆಪ್ರೆಮಿಯನ್‌ನ ಮುರುಕು ಇಂಗ್ಲಿಷನ್ನು ಅಣಕಿಸಿ ಅವನದೇ ತಂಡದ ಅಲೆಕ್ಸ್ ಕರಾಸ್ ಕಟ್ಟಿದ ನಗೆಮಾತು ದಶಕಗಳ ಕಾಲ ಅಮೆರಿಕದ ಬಾಯಲ್ಲಿ ಉಳಿಯಿತು. ಇತ್ತ ಒದೆತಗಳು ಗುರಿ ತಪ್ಪುವುದು ಕಡಿಮೆಯಾಗುತ್ತ ಬಂದಂತೆ 1974ರಲ್ಲಿ ನಿಯಮವನ್ನೇ ಬದಲಿಸಿದರು. ಗೋಲಿನ ಕಂಬಗಳನ್ನು ಹತ್ತು ಗಜ ಹಿಂದಕ್ಕೆ ಒಯ್ದು ನೆಟ್ಟರು. ನಗೆಮಾತನ್ನು ಮರೆಯಬಹುದು, ಕಂಬ ಕಿತ್ತು ಹಿಂದೆ ನೆಟ್ಟದ್ದನ್ನು ಮರೆಯಲಾಗದು. ಒಂದು ಆಟ ಹೊರಗಿನವನಿಗೆ ಸಲ್ಲಿಸಿದ ಇದಕ್ಕಿಂತ ದೊಡ್ಡ ಗೌರವ ನನಗೆ ತೋಚುವುದಿಲ್ಲ, ಅದು ಹೊಟ್ಟೆಕಿಚ್ಚಿನ ವೇಷದಲ್ಲಿ ಬಂದಿದ್ದರೂ.

ಸ್ಟೆನೆರುಡ್ 1985ರವರೆಗೆ ಆಡಿದ. ಚೀಫ್ಸ್ ಕೈಬಿಟ್ಟ ಮೇಲೆ ಗ್ರೀನ್ ಬೇ, ಅನಂತರ ಮಿನೆಸೋಟ. ಒಟ್ಟು 373 ಫೀಲ್ಡ್ ಗೋಲು, 1,699 ಅಂಕ. 1991ರಲ್ಲಿ ಅಲ್ಲಿನ ಗೌರವಮಂದಿರಕ್ಕೆ ಆಯ್ಕೆಯಾದಾಗ, ಬರಿಯ ಒದೆತವೊಂದನ್ನೇ ನೆಚ್ಚಿ ಆ ಬಾಗಿಲು ದಾಟಿದ ಮೊದಲಿಗ ಎನಿಸಿದ. ಎರಡನೆಯವನು ಡೆನ್ಮಾರ್ಕಿನ ಮಾರ್ಟನ್ ಆಂಡರ್ಸನ್. ಅವನು ಒಳಬರಲು 2017 ಆಗಬೇಕಾಯಿತು. ಮೊದಲಿಗನಿಗೂ ಎರಡನೆಯವನಿಗೂ ನಡುವೆ ಇಪ್ಪತ್ತಾರು ವರ್ಷ! ಒದೆಯುವವನು ಆಟಗಾರನೇ ಅಲ್ಲ ಎಂಬ ಭಾವನೆ ಎಷ್ಟು ಆಳವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹತ್ತೊಂಬತ್ತು ಋತುಗಳ ಕಾಲ ಆ ನಾರ್ವೆಯವನು ಅಮೆರಿಕಕ್ಕೆ ಒಂದು ಕಾಲು ಮಾತ್ರ ಆಗಿದ್ದ.

ಪುಣೆಯಲ್ಲಿ ಕುಳಿತು ಕನ್ನಡದಲ್ಲಿ ಇದನ್ನೆಲ್ಲ ಬರೆಯುವುದೇಕೆಂದು ಓದುಗರು ಕೇಳಿದರೆ ತಪ್ಪಿಲ್ಲ. ಆ ಆಟವೇ ಒಮ್ಮೆ ಪುಣೆಯ ಹೆಸರು ಹೊತ್ತು ಬಂದಿತ್ತು. 2012ರಲ್ಲಿ ಹಣವಂತ ಅಮೆರಿಕನ್ನರು ಸೇರಿ ಭಾರತಕ್ಕೆಂದು ಒಂದು ಲೀಗ್ ಕಟ್ಟಿದರು. ಅದರಲ್ಲಿ ಪುಣೆ ಮರಾಠಾಸ್ ಎಂಬ ತಂಡವಿತ್ತು, ನಮ್ಮ ಬೆಂಗಳೂರಿನ ಹೆಸರಿನದೂ ಒಂದಿತ್ತು. ಪಂದ್ಯಗಳು ನಡೆದದ್ದು ಮಾತ್ರ ಕೊಲಂಬೊದಲ್ಲಿ. ಊರಿನ ಹೆಸರನ್ನು ಅಂಗಿಗೆ ಹೊಲಿದರೆ ಆಟ ಊರಿನದಾಗುವುದಿಲ್ಲ. ಅದು ಬಂದ ದಾರಿಯಲ್ಲೇ ಹೋಯಿತು, ಬಾಲೆವಾಡಿಯ ರಿಕ್ಷಾದವರಿಗೆ ಅದು ಬಂದದ್ದಾಗಲಿ ಹೋದದ್ದಾಗಲಿ ಗೊತ್ತಿರಲಾರದು. ಸ್ಟೆನೆರುಡ್‌ನ ಬದುಕಿಗೆ ಸಾಟಿಯಾದದ್ದು ಪುಣೆಯಲ್ಲಿ ನಡೆದಿದೆ, ಆದರೆ ಅದು ಬೇರೊಂದು ಅಂಕಣದಲ್ಲಿ, ಇಲ್ಲಿನ ಮಣ್ಣಿನದೇ ಆಟದಲ್ಲಿ.

ಮರಾಠಿಗರು ಹುತುತು ಎಂದು, ನಮ್ಮ ಕಡೆ ಕೆಲವರು ಚೆಡುಗುಡು ಎಂದು ಕರೆಯುತ್ತಿದ್ದ ಕಬಡ್ಡಿಗೆ ನಿಯಮಗಳ ಚೌಕಟ್ಟು ಹಾಕಿದ್ದರಲ್ಲಿ ಮಹಾರಾಷ್ಟ್ರದ ಪಾಲು ದೊಡ್ಡದು. 1936ರ ಬರ್ಲಿನ್ ಒಲಿಂಪಿಕ್ಸ್ ಹೊತ್ತಿಗೆ ಅದನ್ನು ಅಲ್ಲಿ ಆಡಿ ತೋರಿಸಿದವರು ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು. ಆದ್ದರಿಂದ ಇದು ತಮ್ಮದೆಂದು ಪುಣೆಯವರು ಎದೆ ತಟ್ಟಿಕೊಂಡರೆ ಅದು ಬರಿಯ ಜಂಬವಲ್ಲ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗ ಇಲ್ಲಿನ ಪುಣೇರಿ ಪಲ್ಟನ್ ಮೊದಲ ಎಂಟು ತಂಡಗಳಲ್ಲಿ ಒಂದು. ಪಲ್ಟನ್ ಎಂದರೆ ಸೈನ್ಯದ ತುಕಡಿ. ಮೊದಲೆರಡು ಋತುಗಳಲ್ಲಿ ಆ ತುಕಡಿ ಕಟ್ಟಕಡೆಯ ಸ್ಥಾನದಲ್ಲಿತ್ತು.

ಆ ಪಲ್ಟನ್‌ಗೆ 2022ರಲ್ಲಿ ನಾಯಕನಾಗಿ ಬಂದವನು ಇರಾನಿನ ಫಜಲ್ ಅತ್ರಾಚಲಿ. ನಿಲ್ಲುವ ಜಾಗ ಎಡ ಮೂಲೆ. ಕಬಡ್ಡಿಯಲ್ಲಿ ಕಣ್ಣು ಸೆಳೆಯುವವನು ದಾಳಿಗೆ ಹೋಗುವವನು, ಮೂಲೆಯಲ್ಲಿ ನಿಂತವನು ಕಾಯುತ್ತಾನೆ. ದಾಳಿಗಾರ ಬೋನಸ್ ಗೆರೆಯತ್ತ ಕಾಲು ಚಾಚಿದ ಗಳಿಗೆಯಲ್ಲಿ ಬಗ್ಗಿ ಪಾದದ ಗೆಣ್ಣನ್ನು ಹಿಡಿಯಬೇಕು, ಅರೆಕ್ಷಣ ಮುಂಚೆಯಾದರೆ ಮೋಸಹೋಗುತ್ತಾನೆ, ತಡವಾದರೆ ಮುಟ್ಟಿಸಿಕೊಂಡು ಹೊರನಡೆಯುತ್ತಾನೆ. ಇರಾನಿನ ಹುಡುಗರು ಕುಸ್ತಿಯ ನಾಡಿನವರು. ಹಿಡಿತವೆಂಬುದು ಅವರಿಗೆ ಮೈಗೂಡಿದ ವಿದ್ಯೆ. ಅದೊಂದಕ್ಕಾಗಿಯೇ ಅವರನ್ನು ನಮ್ಮ ತಂಡಗಳು ಹರಾಜಿನಲ್ಲಿ ಕೊಂಡವು, ಮೊಂಟಾನಾದವರು ಒಂದು ಕಾಲಿಗೆ ಬೆಲೆ ಕಟ್ಟಿದ ಹಾಗೆಯೇ. 2018ರಲ್ಲಿ ಒಂದು ಕೋಟಿ ರೂಪಾಯಿ ಮುಟ್ಟಿದ ಮೊದಲ ವಿದೇಶಿ ಆಟಗಾರ ಫಜಲ್. ಅವನ ನಾಯಕತ್ವದಲ್ಲಿ ಪುಣೆ ಮೊದಲ ಬಾರಿಗೆ ಫೈನಲ್ ತಲುಪಿ ಜೈಪುರಕ್ಕೆ 33–29ರಿಂದ ಸೋತಿತು.

ಮರುವರ್ಷ ಆ ಮೂಲೆಗೆ ಬಂದವನು ಮೊಹಮ್ಮದ್‌ರೆಜಾ ಶಾದ್ಲೂಯಿ. ಅವನು ಬಂದ ಹೊತ್ತು ಗಮನಿಸುವಂಥದು. 2023ರ ಅಕ್ಟೋಬರ್ 7ರಂದು ಹಾಂಗ್‌ಝೌನ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಭಾರತ ಮತ್ತು ಇರಾನ್ ಒಂದು ಅಂಕದ ನಿಯಮಕ್ಕಾಗಿ ಅಂಕಣದಲ್ಲೇ ವಾದಕ್ಕಿಳಿದು, ಪಂದ್ಯ ಬಹಳ ಹೊತ್ತು ನಿಂತು, ಕೊನೆಗೆ ಭಾರತ 33–29ರಿಂದ ಗೆದ್ದಿತ್ತು. ಶಾದ್ಲೂಯಿ ಆ ಇರಾನ್ ತಂಡದಲ್ಲಿದ್ದ, ಪಲ್ಟನ್‌ನ ಅಸ್ಲಂ ಇನಾಮ್ದಾರ್ ಭಾರತ ತಂಡದಲ್ಲಿದ್ದ. ಅದಾಗಿ ನಾಲ್ಕು ದಿನ ಕಳೆಯುವುದರೊಳಗೆ ಪುಣೆಯವರು ಶಾದ್ಲೂಯಿಯನ್ನು 2.35 ಕೋಟಿಗೆ ಕೊಂಡರು. ಅಸ್ಲಂ ನಾಯಕ, ಶಾದ್ಲೂಯಿ ಎಡ ಮೂಲೆ. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣವನ್ನು 28–25ರಿಂದ ಮಣಿಸಿ ಪಲ್ಟನ್ ತನ್ನ ಮೊದಲ ಕಪ್ ಎತ್ತಿತು. ಆ ಋತುವಿನ ಅತ್ಯುತ್ತಮ ರಕ್ಷಣಾ ಆಟಗಾರ ಶಾದ್ಲೂಯಿ, ಹಿಡಿತದಿಂದಲೇ 99 ಅಂಕ.

ಈ ಚಿತ್ರದಲ್ಲಿ ನಮ್ಮವರೊಬ್ಬರು ಇದ್ದಾರೆ. ಅಂಕಣದ ಹೊರಗೆ ಕುಳಿತಿದ್ದ ತರಬೇತುದಾರ ಬಿ.ಸಿ. ರಮೇಶ್ ಕರ್ನಾಟಕದವರು, 2001ರ ಅರ್ಜುನ ಪ್ರಶಸ್ತಿ ಪಡೆದವರು. 2019ರಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಾಗಲೂ ತರಬೇತುದಾರ ಅವರೇ. ಅಂದಿನ ಫೈನಲಿನಲ್ಲಿ ಹತ್ತು ಅಂಕ ತಂದವನು ಇರಾನಿನ ನಬಿಬಕ್ಷ್, ಎಂಟು ತಂದವರು ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ. ಇನ್ನೂ ಹಿಂದಕ್ಕೆ ಹೋದರೆ, 2017ರಲ್ಲಿ ಗುಜರಾತ್ ತಂಡದ ಮೂಲೆಯಲ್ಲಿ ಫಜಲ್ ನಿಂತಿದ್ದಾಗ ಆ ತಂಡದ ನಾಯಕ ಇದೇ ಸುಕೇಶ್. ಶಾದ್ಲೂಯಿ ಭಾರತಕ್ಕೆ ಬಂದ ಮೊದಲ ಋತುವಿನಲ್ಲಿ ಪಟ್ನಾ ತಂಡ ಸೇರಿದಾಗ ಅಲ್ಲಿನ ನಾಯಕ ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ. ಅಂದರೆ ಅಹಮದಾಬಾದ್, ಪಟ್ನಾ, ಕೋಲ್ಕತ್ತ, ಪುಣೆ ಎಂದು ಎಲ್ಲಿ ನೋಡಿದರೂ, ಮನೆ ಬಿಟ್ಟು ಬಂದ ಇರಾನಿಯ ಹೆಗಲಿಗೆ ಕೈ ಹಾಕಿದವರಲ್ಲಿ ಮನೆ ಬಿಟ್ಟು ಬಂದ ಕನ್ನಡನಾಡಿನವನೊಬ್ಬ ಸಿಗುತ್ತಾನೆ. ಇದನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪರಊರಿನಲ್ಲಿ ಕೆಲಸ ಮಾಡಿದವನಿಗೆ ಪರದೇಶಿಯ ಮುಖ ಓದುವುದು ಸ್ವಲ್ಪ ಬೇಗ ಬರುತ್ತದೆ.

ಕಪ್ ಗೆದ್ದ ಮೇಲೆ ನಡೆದದ್ದು ವ್ಯಾಪಾರ. ಶಾದ್ಲೂಯಿಯನ್ನು ಮತ್ತೆ ಹರಾಜಿಗೆ ಬಿಟ್ಟರು, ಅವನು ಸೋಲಿಸಿದ್ದ ಹರಿಯಾಣವೇ 2.07 ಕೋಟಿಗೆ ಕೊಂಡಿತು. ಗೆದ್ದವನ ಬೆಲೆ ಇಳಿಯಿತು ಎಂಬುದನ್ನು ಅರ್ಥಶಾಸ್ತ್ರ ಬಲ್ಲವರು ವಿವರಿಸಲಿ. 2024ರ ಡಿಸೆಂಬರ್ 29ರ ಫೈನಲ್ ನಡೆದದ್ದು ಪುಣೆಯ ಬಾಲೆವಾಡಿಯಲ್ಲೇ. ಪಲ್ಟನ್ ಆ ವರ್ಷ ಪ್ಲೇಆಫ್ ಕೂಡ ಮುಟ್ಟಿರಲಿಲ್ಲ. ಹತ್ತು ತಿಂಗಳ ಹಿಂದೆ ಪುಣೆಗೆ ಕಪ್ ತಂದುಕೊಟ್ಟವನು ಪುಣೆಯಲ್ಲೇ, ಬೇರೆ ಬಣ್ಣದ ಅಂಗಿ ತೊಟ್ಟು, ಹರಿಯಾಣಕ್ಕೆ ಕಪ್ ಗೆದ್ದುಕೊಟ್ಟ. ತಂಡ ಪಟ್ನಾವನ್ನು 32–23ರಿಂದ ಸೋಲಿಸಿತು. ಆ ಋತುವಿನ ಅತಿ ಮೌಲ್ಯದ ಆಟಗಾರನೂ ಅವನೇ.

ಆ ಪ್ರಶಸ್ತಿ ಬಂದದ್ದು ಬರಿಯ ಹಿಡಿತಕ್ಕಲ್ಲ ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು. ಪುಣೆಯಲ್ಲಿದ್ದಾಗಲೇ ಆಗೊಮ್ಮೆ ಈಗೊಮ್ಮೆ ದಾಳಿಗೆ ಹೋಗುತ್ತಿದ್ದವನು ಹರಿಯಾಣದಲ್ಲಿ ಮತ್ತೆ ಮತ್ತೆ ನಡುಗೆರೆ ದಾಟಿದ. ಮೂಲೆಗೆಂದು ಕೊಂಡವನು ಮೂಲೆಯಲ್ಲಿ ಉಳಿಯಲಿಲ್ಲ. ಕಳೆದ ವರ್ಷ ಬೆಂಗಳೂರು ಬುಲ್ಸ್‌ಗೆ ಬಂದ ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಅಂತೂ ದಾಳಿಗಾರನಾಗಿಯೇ ಬಂದ. ಸ್ಟೆನೆರುಡ್‌ಗೆ ಹತ್ತೊಂಬತ್ತು ಋತುಗಳಲ್ಲಿ ದಕ್ಕದೆ ಹೋದದ್ದು ಇವರಿಗೆ ಕೆಲವೇ ಋತುಗಳಲ್ಲಿ ದಕ್ಕಿದೆ. ಕಬಡ್ಡಿಯ ಗುಣವೂ ಇದಕ್ಕೆ ಕಾರಣವಿರಬಹುದು. ಏಳೇ ಜನ ನಿಲ್ಲುವ ಅಂಕಣದಲ್ಲಿ ಒಬ್ಬನನ್ನು ಹೊರಗೆ ಕೂರಿಸಿ ಬೇಕಾದಾಗ ಕರೆಯುವ ಐಷಾರಾಮಕ್ಕೆ ಎಡೆ ಕಡಿಮೆ. ಆದರೂ ಬಿಟ್ಟುಕೊಡುವ ಮನಸ್ಸು ಬೇಕಲ್ಲ. ಹೊರಗಿನವನು ಊರಿನವನಾಗುವುದು ಅವನಿಗೆ ಹಣ ಕೊಟ್ಟಾಗ ಅಲ್ಲ, ಜೈಕಾರ ಹಾಕಿದಾಗಲೂ ಅಲ್ಲ. ಯಾವ ಕೆಲಸಕ್ಕೆಂದು ಅವನನ್ನು ಕರೆಸಿಕೊಂಡೆವೋ ಅದರಾಚೆಗೆ ಏನನ್ನಾದರೂ ಮಾಡಲು ಬಿಟ್ಟಾಗ ಎಂಬುದು ನನ್ನ ವಾದ.

ಈ ವಾದಕ್ಕೆ ದೊಡ್ಡ ಎದುರುಮಾತು 2018ರದು. ಏಷ್ಯನ್ ಕ್ರೀಡಾಕೂಟದಲ್ಲಿ 1990ರಿಂದ ಏಳು ಸಲ ಸತತವಾಗಿ ಚಿನ್ನ ಗೆದ್ದಿದ್ದ ಭಾರತದ ಪುರುಷರು ಜಕಾರ್ತದ ಸೆಮಿಫೈನಲಿನಲ್ಲಿ ಇರಾನಿಗೆ 18–27ರಿಂದ ಸೋತರು. ಮರುದಿನ ಮಹಿಳೆಯರ ಫೈನಲಿನಲ್ಲೂ ಇರಾನೇ ಗೆದ್ದಿತು. ಆ ಇರಾನಿ ಮಹಿಳೆಯರ ಗುರು ಶೈಲಜಾ ಜೈನ್ ನಾಸಿಕದವರು, ನಮ್ಮ ಪುಣೆಯಿಂದ ಐದಾರು ಗಂಟೆಯ ದಾರಿ. ಅಂದು ಕೇಳಿಬಂದ ಗೊಣಗಾಟ ಹಲವರಿಗೆ ನೆನಪಿರಬಹುದು: ಲೀಗಿಗೆ ಕರೆಸಿ, ಹಣ ಕೊಟ್ಟು, ನಮ್ಮ ವಿದ್ಯೆಯನ್ನು ನಾವೇ ಧಾರೆಯೆರೆದು ಕೊರಳು ಕೊಯ್ಸಿಕೊಂಡೆವು ಎಂದು. ನಾನು ಒಪ್ಪುವುದಿಲ್ಲ. ಆ ಸೋಲು ಕಬಡ್ಡಿಗೆ ಬಂದ ಭಾಗ್ಯ. ಒಂದೇ ಮನೆಯವರು ಸದಾ ಗೆಲ್ಲುವುದಾದರೆ ಅದನ್ನು ಪೂಜೆ ಎನ್ನಬಹುದು, ಪಂದ್ಯ ಎನ್ನಲಾಗದು. ಅಮೆರಿಕದವರು ಕಂಬವನ್ನು ಹಿಂದಕ್ಕೆ ನೆಟ್ಟರು, ನಮ್ಮ ದಾಳಿಗಾರರು ಕಾಲು ಚಾಚುವ ಮುನ್ನ ಎರಡು ಸಲ ಯೋಚಿಸುವುದನ್ನು ಕಲಿತರು. ಎರಡೂ ಕಡೆ ಆಟ ಬೆಳೆದದ್ದು ಹೊರಗಿನವನ ದೆಸೆಯಿಂದ.

ಈಗ ನಮ್ಮ ವಿಷಯಕ್ಕೆ ಬರೋಣ. ಪುಣೆಯಲ್ಲಿ ತಲೆಮಾರುಗಳಿಂದ ಇರುವ ಕನ್ನಡಿಗರು ಈ ಒಂದು ಕಾಲಿನ ಬಾಳನ್ನು ಬಲ್ಲವರೇ. ಫರ್ಗ್ಯುಸನ್ ರಸ್ತೆಯ ವೈಶಾಲಿಯನ್ನು ಕಟ್ಟಿದ ಜಗನ್ನಾಥ ಶೆಟ್ಟರನ್ನು ಪುಣೆ ಪ್ರೀತಿಸಿತು, ನಿಜ. ಆದರೆ ಅದೇ ಪ್ರೀತಿಯಲ್ಲಿ ನಮ್ಮೆಲ್ಲರಿಗೂ ಅಣ್ಣಾ ಎಂದು ಒಂದೇ ಹೆಸರಿಟ್ಟು ದೋಸೆಯ ಕಾವಲಿಯ ಮುಂದೆ ನಿಲ್ಲಿಸಿತು. ಹಿಂಜವಡಿಗೆ ಬಂದ ಹೊಸ ತಲೆಮಾರನ್ನು ಗಣಕಯಂತ್ರದ ಮುಂದೆ ಕೂರಿಸಿತು. ಈ ಗೆರೆ ದಾಟಿದವರಲ್ಲಿ ಎದ್ದು ಕಾಣುವವರು ಗದಗದ ಭೀಮಸೇನ ಜೋಶಿ. ಅವರು ಹಿಂದುಸ್ತಾನಿ ಖಯಾಲಿನೊಂದಿಗೆ ನಿಂತುಬಿಡಲಿಲ್ಲ. ಮರಾಠಿ ಅಭಂಗಗಳನ್ನು ಮರಾಠಿಗರೇ ಬೆರಗಾಗುವಂತೆ ಹಾಡಿದರು, ದಾಸರ ಪದಗಳನ್ನೂ ಪುಣೆಯವರ ಕಿವಿಗೆ ಹಾಕಿದರು. ಗುರುವಿನ ಹೆಸರಿನ ಸವಾಯಿ ಗಂಧರ್ವ ಉತ್ಸವವನ್ನು 1953ರಿಂದ ಕಟ್ಟಿ ಬೆಳೆಸಿ ಊರಿನ ಹಬ್ಬವನ್ನಾಗಿ ಮಾಡಿದರು. ಹಾಡಲು ಬಂದವರು ಊರಿಗೇ ಯಜಮಾನರಾದರು. ಪುಣೆ ಅದಕ್ಕೆ ಎಡೆ ಕೊಟ್ಟಿತು. ನಮ್ಮಲ್ಲಿ ಎಷ್ಟು ಜನ ಅಂಥ ಎಡೆಯನ್ನು ಕೇಳಿದ್ದೇವೆ? ಸಂಘದ ಸಭಾಂಗಣದಲ್ಲಿ ನವೆಂಬರ್ ಒಂದರಂದು ನಮಗೆ ನಾವೇ ಶಾಲು ಹೊದಿಸಿಕೊಂಡು ಮನೆಗೆ ಮರಳುವುದೂ ಒಂದು ಬಗೆಯಲ್ಲಿ ಮೂಲೆ ಹಿಡಿಯುವುದೇ.

ಇನ್ನೊಂದು ಮಗ್ಗುಲು ಇದಕ್ಕಿಂತ ಇಕ್ಕಟ್ಟಿನದು. ಊರಿನ ಸುದ್ದಿಯನ್ನು ದೂರದಿಂದ ಓದುವ ನಾವು ಬೆಂಗಳೂರಿನ ವಿಷಯದಲ್ಲಿ ಬಲು ಬಿಸಿಯಾಗುತ್ತೇವೆ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಗದ್ದಲವಾದೊಡನೆ ತಡೆಹಿಡಿದಾಗ, ಅದನ್ನು ಗಟ್ಟಿಯಾಗಿ ಸಮರ್ಥಿಸಿದವರಲ್ಲಿ ಪರರಾಜ್ಯದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರೂ ಇದ್ದರು. ಇದರಲ್ಲಿರುವ ವಿಚಿತ್ರವನ್ನು ಯಾರೂ ಎತ್ತಿ ಆಡಲಿಲ್ಲ. ಬೆಂಗಳೂರು ಬುಲ್ಸ್ ತಂಡದಲ್ಲಿ ಕನ್ನಡದ ಹುಡುಗರೇ ಇಲ್ಲವೆಂಬ ದೂರೂ ಇದೇ ಕುಲದ್ದು. ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಹೊನ್ನಪ್ಪ, ರಮೇಶ್, ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಎಂದು ಅರ್ಜುನ ಪ್ರಶಸ್ತಿಯ ಸಾಲನ್ನೇ ಕೊಟ್ಟ ನಾಡಿನ ತಂಡದಲ್ಲಿ ಆ ನಾಡಿನ ಭಾಷೆ ಕೇಳಿಸದಿದ್ದರೆ ಬೇಸರವಾಗುವುದು ಸಹಜ. ಬಂದವರು ಕನ್ನಡ ಕಲಿಯಲಿ ಎಂಬುದೂ ನ್ಯಾಯವೇ, ನಾವು ಮರಾಠಿ ಕಲಿತಿಲ್ಲವೇ? ಆದರೆ ಬೆಂಗಳೂರಿನಲ್ಲಿ ಊಟದ ಪೊಟ್ಟಣ ತಂದು ಬಾಗಿಲಲ್ಲಿ ನಿಂತ ಅಸ್ಸಾಮಿನ ಹುಡುಗನಿಗೆ ಕನ್ನಡ ಕಲಿ ಎನ್ನುವವರು, ಕಲಿತ ಮೇಲೆ ಅವನನ್ನು ಯಾವ ಜಗಲಿಗೆ ಕರೆಯುತ್ತೇವೆ ಎಂಬುದನ್ನೂ ಹೇಳಬೇಕು. ಅವನು ಪೊಟ್ಟಣ ತರುವವನಾಗಿಯೇ ಉಳಿಯುವುದಾದರೆ ಕಲಿತ ಕನ್ನಡ ಅವನಿಗೆ ಇನ್ನೊಂದು ಸಮವಸ್ತ್ರವಷ್ಟೇ. ಸ್ಟೆನೆರುಡ್‌ನ ಇಂಗ್ಲಿಷಿನಲ್ಲಿ ಕೊರತೆಯಿದ್ದುದರಿಂದ ಗೌರವಮಂದಿರ ಅವನ ನಂತರ ಇಪ್ಪತ್ತಾರು ವರ್ಷ ಬಾಗಿಲು ಮುಚ್ಚಿಕೊಳ್ಳಲಿಲ್ಲ, ಅವನ ಕೆಲಸ ಕೆಲಸವೇ ಅಲ್ಲವೆಂದು ಬಗೆದದ್ದರಿಂದ ಮುಚ್ಚಿಕೊಂಡಿತು.

ಕಳೆದ ವರ್ಷ ರಮೇಶ್ ಪುಣೆ ಬಿಟ್ಟು ಬೆಂಗಳೂರು ಬುಲ್ಸ್‌ಗೆ ತರಬೇತುದಾರರಾಗಿ ಹೋದರು. ಅಲ್ಲಿ ಅವರ ದಾಳಿಯ ಸಾಲಿನಲ್ಲಿ ಮಿರ್ಜಾಯಿಯಾನ್ ಇದ್ದ, ಜೊತೆಗೆ ನಮ್ಮ ಗಣೇಶ ಹನಮಂತಗೋಳನೂ ಇದ್ದ. ಇರಾನಿ ಇದ್ದುದರಿಂದ ಕನ್ನಡದ ಹುಡುಗನಿಗೆ ಜಾಗ ತಪ್ಪಲಿಲ್ಲ, ಕನ್ನಡದ ಗುರು ಬಂದದ್ದರಿಂದ ಇರಾನಿಗೂ ತಪ್ಪಲಿಲ್ಲ. ಶಾದ್ಲೂಯಿ 2.23 ಕೋಟಿಗೆ ಗುಜರಾತಿಗೆ ಹೋದ. ಪುಣೇರಿ ಪಲ್ಟನ್ ಅಸ್ಲಂ ನಾಯಕತ್ವದಲ್ಲಿ ಮತ್ತೆ ಫೈನಲ್ ಮುಟ್ಟಿ, 2025ರ ಅಕ್ಟೋಬರ್ 31ರಂದು ದೆಹಲಿಯಲ್ಲಿ ದಬಂಗ್ ಡೆಲ್ಲಿಗೆ 28–31ರಿಂದ ಸೋತಿತು. ಆ ಸಂಜೆ ದೆಹಲಿಯ ಮೂಲೆಯಲ್ಲಿ ನಿಂತು ಪುಣೆಯ ದಾಳಿಗಾರರ ಕಾಲಿಗಾಗಿ ಕಾಯುತ್ತಿದ್ದವನು ಫಜಲ್ ಅತ್ರಾಚಲಿ, ಮೂರು ವರ್ಷದ ಹಿಂದೆ ಪುಣೆಯನ್ನು ಮೊದಲ ಫೈನಲಿಗೆ ಕರೆದೊಯ್ದ ನಾಯಕ.